ಮಡಿಕೇರಿ ಚಳಿಯಲ್ಲಿ ಲಿಕ್ವಿಡ್ ಮೆಟಲ್ ಪ್ಯಾಡ್ ಕರಗಿಸುವುದು ಹೇಗೆ

"ಲಿಕ್ವಿಡ್ ಮೆಟಲ್ ಪ್ಯಾಡ್ ಹಾಕಿದೆ, ಬಿಸಿ ಇಳಿಯಲಿಲ್ಲ, ಇನ್ನೂ ಜಾಸ್ತಿಯಾಯ್ತು" ಎಂದು ಕ್ಯಾಬಿನೆಟ್ ಹೊತ್ತು ತರುವವರು ಮಳೆಗಾಲದಲ್ಲೇ ಹೆಚ್ಚು. ಸಿಪಿಯು, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಮತ್ತು ಅದನ್ನು ತಣ್ಣಗಿಡುವ ಕೂಲರ್ ನಡುವೆ ಶಾಖ ದಾಟಿಸಲು ಥರ್ಮಲ್ ಪೇಸ್ಟ್ ಬದಲು ಇಡುವ ತೆಳು ಲೋಹದ ಹಾಳೆ ಇದು. ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ನಾಪೋಕ್ಲು ಕಡೆಯಿಂದ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬ ಇಂಥದ್ದೇ ದೂರಿನೊಂದಿಗೆ ಬಂದಿದ್ದ. ಕೂಲರ್ ಬಿಚ್ಚಿದರೆ ಹಾಳೆ ಪ್ಯಾಕೆಟ್‌ನಿಂದ ತೆಗೆದ ಹಾಗೇ ಇತ್ತು. ಒಂದು ಮೂಲೆಯಲ್ಲಿ ಬಿದ್ದಿದ್ದ ಸುಕ್ಕು ಕೂಡ ಹೋಗಿರಲಿಲ್ಲ. ಅಂದರೆ ಹಾಳೆ ಒಮ್ಮೆಯೂ ಕರಗಿರಲಿಲ್ಲ. ಪ್ಯಾಡ್ ಕೆಟ್ಟದ್ದೇನಲ್ಲ, ಹುಡುಗ ಹಾಕಿದ್ದರಲ್ಲೂ ತಪ್ಪಿರಲಿಲ್ಲ. ಅದನ್ನು ಕರಗಿಸಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಹೆಸರಲ್ಲಿ ಲಿಕ್ವಿಡ್ ಎಂದಿದ್ದರೂ ನಿಮ್ಮ ಕೈಗೆ ಬರುವುದು ಗಟ್ಟಿ ಹಾಳೆ. ಮಿಠಾಯಿ ಮೇಲಿನ ಬೆಳ್ಳಿ ವರಕ್‌ಗಿಂತ ದಪ್ಪ, ಆದರೆ ಅಷ್ಟೇ ಹಠಮಾರಿ. ಸಿರಿಂಜಿನಲ್ಲಿ ಬರುವ ಲಿಕ್ವಿಡ್ ಮೆಟಲ್ ಬೇರೆ. ಅದರಲ್ಲಿ ಗ್ಯಾಲಿಯಂ ಎಂಬ ಲೋಹ ಇರುತ್ತದೆ. ಶುದ್ಧ ಗ್ಯಾಲಿಯಂ 30 ಡಿಗ್ರಿಗೆ ಸ್ವಲ್ಪ ಮೊದಲೇ ಕರಗುತ್ತದೆ. ಇಂಡಿಯಂ, ತವರ ಸೇರಿಸಿದರೆ ನಮ್ಮ ಡಿಸೆಂಬರ್ ಚಳಿಯಲ್ಲೂ ದ್ರವವಾಗಿಯೇ ಇರುತ್ತದೆ. ಸೋನಿ 2020ರಲ್ಲಿ ಪ್ಲೇಸ್ಟೇಷನ್ 5ರಲ್ಲಿ ಬಳಸಿದ್ದು ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್. ಹಾಳೆಯ ರೂಪದ್ದು ಹಾಗಲ್ಲ. ಜರ್ಮನಿಯ ಕೂಲ್‌ಲ್ಯಾಬೊರೇಟರಿ ಕಂಪನಿಯ ಲಿಕ್ವಿಡ್ ಮೆಟಲ್‌ಪ್ಯಾಡ್ ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಇವು ಕರಗಬೇಕಾದರೆ 60 ಡಿಗ್ರಿ ಆಸುಪಾಸು ಬಿಸಿ ಬೇಕು. ಫೀಲ್ಡ್ಸ್ ಮೆಟಲ್ ಎಂಬ ಮಿಶ್ರಲೋಹ ಗೊತ್ತಿದ್ದರೆ ಅಂದಾಜು ಸಿಗುತ್ತದೆ. ಅರ್ಧದಷ್ಟು ಇಂಡಿಯಂ, ಉಳಿದದ್ದು ಬಿಸ್ಮತ್ ಮತ್ತು ತವರ. ಅದು ಕರಗುವುದು 62 ಡಿಗ್ರಿಗೆ.

ಕರಗದಿದ್ದರೆ ಏನಾಗುತ್ತದೆ? ಸಿಪಿಯು ಮೇಲಿನ ಲೋಹದ ಮುಚ್ಚಳ, ಅಂದರೆ ಐಎಚ್‌ಎಸ್, ಕಣ್ಣಿಗೆ ಸಪಾಟಾಗಿ ಕಾಣುತ್ತದೆ. ಕೂಲರಿನ ತಳವೂ ಹಾಗೇ. ಎರಡರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗು ಇರುತ್ತದೆ. ಆ ತಗ್ಗುಗಳಲ್ಲಿ ಗಾಳಿ ಕೂರುತ್ತದೆ. ಶಾಖ ಸಾಗಿಸುವ ಲೆಕ್ಕದಲ್ಲಿ ತಾಮ್ರದ ಅಂಕೆ ಸುಮಾರು 400, ಇಂಡಿಯಂದು 80ಕ್ಕೆ ಸ್ವಲ್ಪ ಮೇಲೆ. ಸಾಮಾನ್ಯ ಥರ್ಮಲ್ ಪೇಸ್ಟ್ ಡಬ್ಬದ ಮೇಲೆ 4ರಿಂದ 12ರವರೆಗೆ ಬರೆದಿರುತ್ತಾರೆ. ಗಾಳಿಯದ್ದು 0.026. ಕರಗದ ಹಾಳೆಯನ್ನು ನಡುವೆ ಇಟ್ಟರೆ ಮೇಲೊಂದು ಪದರ ಗಾಳಿ, ಕೆಳಗೊಂದು ಪದರ ಗಾಳಿ. ಹತ್ತಾರು ರೂಪಾಯಿಯ ಬಿಳಿ ಪೇಸ್ಟ್ ಕೂಡ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕರಗಿದ ಮೇಲೆ ಅದೇ ಹಾಳೆ ಎಲ್ಲಾ ತಗ್ಗಿಗೂ ಇಳಿದು ಕೂರುತ್ತದೆ. ಆಮೇಲೆ ತಣ್ಣಗಾಗಿ ಗಟ್ಟಿಯಾದರೂ ಪರವಾಗಿಲ್ಲ, ಅಚ್ಚು ಬಿದ್ದಿರುತ್ತದೆ.

ಈಗ ನಮ್ಮ ಊರಿನ ಸಮಸ್ಯೆಗೆ ಬರೋಣ. ಬಯಲುಸೀಮೆಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಮುಚ್ಚಿದ ರೂಮಿನಲ್ಲಿ ಇದನ್ನು ಹಾಕಿದರೆ ಒಂದು ಗೇಮ್ ಆಡುವಷ್ಟರಲ್ಲಿ ತಾನಾಗಿ ಕರಗಿಬಿಡಬಹುದು. ಜುಲೈಯಲ್ಲಿ ಮಡಿಕೇರಿಯ ಮನೆಯೊಳಗೆ 18 ಡಿಗ್ರಿ ಇರುವಾಗ ಆ ಆಸೆ ಬೇಡ. ಊರು ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳು. ಹಾಗಾಗಿ ಫ್ಯಾನ್ ಸಾಗಿಸುವ ಶಾಖ ಸ್ವಲ್ಪ ಕಡಿಮೆ. ಆದರೆ ಗಾಳಿ ಎಷ್ಟು ತಣ್ಣಗಿದೆ ಎಂದರೆ ಆ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಟವರ್ ಕೂಲರ್ ಹಾಕಿದವರ ಮೆಷಿನ್ನಿನಲ್ಲಿ ಕೂಲರಿನ ತಳ 40 ಡಿಗ್ರಿ ದಾಟುವುದೇ ಕಷ್ಟ.

ಮೊದಲು, ಬೇಕೇ ಬೇಕಾ?

ಹೋಮ್‌ಸ್ಟೇ ಬುಕಿಂಗ್, ತೋಟದ ಲೆಕ್ಕ, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಇಟ್ಟಿರುವ ಕಂಪ್ಯೂಟರಿಗೆ ಇದು ಬೇಡ. ಸುಮ್ನೆ ಖರ್ಚು. ಬಿಸಿಯಾಗುತ್ತಿದೆ ಎಂದು ನನ್ನ ಬಳಿ ಬರುವ ಮೆಷಿನ್ನುಗಳಲ್ಲಿ ಬಹುಪಾಲು ಧೂಳಿನ ಕೇಸು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಒಣಗಿಸುವ ಕಣ ಮನೆ ಮುಂದೆಯೇ ಇದ್ದರೆ ಹೊಟ್ಟಿನ ಪುಡಿ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಕುಶಾಲನಗರದ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್ ಹತ್ತಿರದ ಆಫೀಸುಗಳದ್ದಂತೂ ಬೇರೆಯೇ ಬಣ್ಣ. ಅದನ್ನು ಬ್ರಷ್‌ನಲ್ಲಿ ತೆಗೆದು, ಹೊಸ ಪೇಸ್ಟ್ ಹಾಕಿದರೆ ಸಾಕು.

ವಿಡಿಯೋ ರೆಂಡರ್ ಮಾಡುವವರಿಗೆ, ದಿನವಿಡೀ ಸಿಪಿಯು ಪೂರ್ತಿ ಓಡಿಸುವವರಿಗೆ ಹಾಳೆಯಿಂದ ಲಾಭವಿದೆ. ಎಷ್ಟು? ಐಎಚ್‌ಎಸ್ ಇರುವ ಡೆಸ್ಕ್‌ಟಾಪ್ ಸಿಪಿಯುನಲ್ಲಿ ಒಳ್ಳೆಯ ಪೇಸ್ಟಿಗಿಂತ ಕೆಲವೇ ಡಿಗ್ರಿ. 20 ಡಿಗ್ರಿ ಇಳಿಯಿತು ಎಂದು ಯಾರಾದರೂ ಹೇಳಿದರೆ ಅವರ ಹಳೆಯ ಪೇಸ್ಟ್ ಒಣಗಿ ಸುಣ್ಣವಾಗಿತ್ತು ಎಂದರ್ಥ. ನಿಜವಾದ ಲಾಭ ಬೇರೆ ಕಡೆ ಇದೆ. ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ, ಬಿಸಿ-ತಂಪಿನ ಆಟಕ್ಕೆ ಅಂಚಿಗೆ ಸರಿಯುತ್ತದೆ. ಲೋಹದಲ್ಲಿ ಒಣಗುವುದಕ್ಕೆ ಏನೂ ಇಲ್ಲ.

ಮೂರು ಕಡೆ ನಾನು ಬೇಡ ಎನ್ನುತ್ತೇನೆ. ಒಂದು, ನೀರಿನ ಕೂಲರ್. ಅದರ ತಳ 60 ಡಿಗ್ರಿ ಮುಟ್ಟುವಷ್ಟು ಬಿಸಿ ಮಾಡಿದರೆ ಪಂಪು, ಪೈಪುಗಳಿಗೆ ಒಳ್ಳೆಯದಲ್ಲ. ಎರಡು, ಇಂಟೆಲ್‌ನ ಎಲ್‌ಜಿಎ1700 ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಸಿಪಿಯು ಕೂರುವ ಜಾಗ. ಅದರ ಹಿಡಿತಕ್ಕೆ ಉದ್ದನೆಯ ಐಎಚ್‌ಎಸ್ ತುಸು ಬಾಗುತ್ತದೆ. ಆ ತಗ್ಗು ತುಂಬಲು ತೆಳು ಹಾಳೆಯಲ್ಲಿ ಅಷ್ಟು ಲೋಹ ಇರುವುದಿಲ್ಲ, ಪೇಸ್ಟೇ ವಾಸಿ. ಮೂರು, ಲ್ಯಾಪ್‌ಟಾಪ್. ಅಲ್ಲಿ ಮುಚ್ಚಳವಿಲ್ಲದ ಬರಿಯ ಚಿಪ್. ಸುತ್ತ ಸಾಸಿವೆಗಿಂತ ಸಣ್ಣ ಕೆಪಾಸಿಟರುಗಳು. ಕರಗಿದ ಲೋಹ ವಿದ್ಯುತ್ ಹರಿಸುತ್ತದೆ, ಒಂದು ಹನಿ ಹೊರಬಂದರೂ ಶಾರ್ಟ್. ಲ್ಯಾಪ್‌ಟಾಪಿಗೆ ಹನಿವೆಲ್ ಪಿಟಿಎಂ7950 ತರಹದ ಹಾಳೆ ಹಾಕಿ. ಅದು ಲೋಹದ್ದಲ್ಲ, 45 ಡಿಗ್ರಿಗೇ ಮೆತ್ತಗಾಗುತ್ತದೆ, ವಿದ್ಯುತ್ ಹರಿಸುವುದಿಲ್ಲ. ನಮ್ಮ ಚಳಿಗೆ ಅದು ಹೆಚ್ಚು ಹೊಂದುತ್ತದೆ ಕೂಡ.

ಇನ್ನೊಂದು ಮಾತು. ಪ್ಯಾಕೆಟ್ ಮೇಲೆ ಗ್ಯಾಲಿಯಂ ಎಂದು ಬರೆದಿದೆಯಾ ನೋಡಿ. ಇದ್ದರೆ ಅಲ್ಯೂಮಿನಿಯಂ ತಳದ ಕೂಲರಿಗೆ ಮುಟ್ಟಿಸಲೂಬೇಡಿ. ಗ್ಯಾಲಿಯಂ ಅಲ್ಯೂಮಿನಿಯಂ ಒಳಗೆ ನುಗ್ಗಿ ಅದನ್ನು ಬಿಸ್ಕತ್ತಿನ ಹಾಗೆ ಪುಡಿಯಾಗುವಂತೆ ಮಾಡುತ್ತದೆ. ತಾಮ್ರ ಅಥವಾ ನಿಕಲ್ ಲೇಪದ ತಾಮ್ರ ಇದ್ದರೆ ಭಯವಿಲ್ಲ.

ಒರೆಸುವುದು, ಕತ್ತರಿಸುವುದು

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. 99 ಶೇಕಡಾದ್ದು ಬೇಕು. ಮೆಡಿಕಲ್ ಶಾಪಿನ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್, ವಾಸನೆ ಎಲ್ಲಾ ಇರುತ್ತದೆ. ಬಟ್ಟೆ ನಾರು ಬಿಡಬಾರದು. ಕನ್ನಡಕ ಒರೆಸುವ ಬಟ್ಟೆ ಅಥವಾ ಕಾಫಿ ಫಿಲ್ಟರ್ ಪೇಪರ್ ಒಳ್ಳೆಯದು. ಕೊಡಗಿನಲ್ಲಿ ಕಾಫಿ ಫಿಲ್ಟರ್ ಪೇಪರ್ ಇಲ್ಲ, ಸ್ಟೀಲ್ ಫಿಲ್ಟರೇ ಎಲ್ಲರ ಮನೆಯಲ್ಲಿ ಎನ್ನುವವರು ಕನ್ನಡಕದ ಬಟ್ಟೆಗೆ ಹೋಗಿ.

ಮಳೆಗಾಲದಲ್ಲಿ ಇಲ್ಲೊಂದು ಕಿತಾಪತಿ ಇದೆ. ಆಲ್ಕೋಹಾಲ್ ಆರುವಾಗ ಲೋಹವನ್ನು ತಣ್ಣಗೆ ಮಾಡುತ್ತದೆ. ಹೊರಗೆ ಮಂಜು, ಒಳಗೆ ಬಟ್ಟೆ ಒಣಗದಷ್ಟು ತೇವ. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಟಾರ್ಚ್ ಅಡ್ಡಕ್ಕೆ ಹಿಡಿದು ನೋಡಿ. ಹೊಳೆಯುವ ಐಎಚ್‌ಎಸ್ ಮೇಲೆ ಮಸುಕಾದ ಉಸಿರಿನಂಥ ಪದರ ಕಾಣುತ್ತದೆ, ನಿಧಾನವಾಗಿ ಅಂಚಿನಿಂದ ಒಳಗೆ ಮಾಯವಾಗುತ್ತದೆ. ಅದು ಪೂರ್ತಿ ಹೋಗುವ ತನಕ ಕಾಯಿರಿ. ಅವಸರವಿದ್ದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಹಾಳೆಯ ಕೆಳಗೆ ನೀರು ಸಿಕ್ಕಿಹಾಕಿಕೊಂಡರೆ ಅಲ್ಲಿ ಕಲೆ, ಗುಳ್ಳೆ ಎರಡೂ ಬರುತ್ತವೆ.

ಹಾಳೆಯನ್ನು ಬೆರಳಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಹತ್ತಿದ ಜಾಗದಲ್ಲಿ ಕರಗಿದ ಲೋಹ ಅಂಟುವುದಿಲ್ಲ, ಹಿಂಜರಿಯುತ್ತದೆ. ಹಾಳೆಯನ್ನು ಅದರದೇ ಎರಡು ಕಾಗದಗಳ ನಡುವೆ ಇಟ್ಟು, ಕಾಗದ ಸಮೇತ ಹರಿತ ಕತ್ತರಿಯಲ್ಲಿ ಕತ್ತರಿಸಿ. ಐಎಚ್‌ಎಸ್‌ಗಿಂತ ಸುತ್ತಲೂ ಒಂದು ಮಿಲಿಮೀಟರ್ ಚಿಕ್ಕದಿರಲಿ. ದೊಡ್ಡದಾದರೆ ಹೊರಗಿನ ಅಂಚು ಕರಗಿ ಉಂಡೆಯಾಗಿ ನೇತಾಡುತ್ತದೆ. ಕ್ಯಾಬಿನೆಟ್ ನೆಟ್ಟಗೆ ನಿಂತಿರುವಾಗ ಮದರ್‌ಬೋರ್ಡೂ ನೆಟ್ಟಗೆ ಇರುತ್ತದೆ. ಆ ಉಂಡೆ ಬಿದ್ದರೆ ನೇರ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ.

ಎತ್ತಲು ಚಪ್ಪಟೆ ಬಾಯಿಯ ಚಿಮುಟ ಬಳಸಿ. ಸುಕ್ಕು ಬಿದ್ದರೆ ಐಎಚ್‌ಎಸ್ ಮೇಲೆ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಹತ್ತಿಯಿಂದ ನಡುವಿನಿಂದ ಹೊರಕ್ಕೆ ಸವರಿ. ಎರಡು ಹಾಳೆ ಹಾಕಿದರೆ ಇನ್ನೂ ತಂಪು ಎಂಬ ಯೋಚನೆ ಬರುತ್ತದೆ, ಅಲ್ವಾ? ಬೇಡ. ಹೆಚ್ಚಾದ ಲೋಹವೆಲ್ಲ ಹೊರಗೇ ಬರುತ್ತದೆ.

ಕೂಲರನ್ನು ಒಂದೇ ಸಲ ನೇರವಾಗಿ ಇಳಿಸಿ. ಪೇಸ್ಟಿನಲ್ಲಿ ಮಾಡುವ ಹಾಗೆ ಅತ್ತಿತ್ತ ತಿರುಗಿಸಿ ಕೂರಿಸಬೇಡಿ, ಹಾಳೆ ಹರಿಯುತ್ತದೆ. ಸ್ಕ್ರೂಗಳನ್ನು ಎದುರೆದುರು ಮೂಲೆಯಂತೆ, ಅರ್ಧರ್ಧ ಸುತ್ತು ಬಿಗಿ ಮಾಡಿ. ಇಷ್ಟು ಹೊತ್ತು ಕ್ಯಾಬಿನೆಟ್ ಮಲಗಿಸಿಯೇ ಇರಲಿ. ಕರಗಿಸುವಾಗಲೂ ಮಲಗಿಯೇ ಇರಲಿ.

ಕರಗಿಸುವುದು

ಕೆಲಸದ ಜೀವ ಇರುವುದು ಇಲ್ಲಿ. ಬಹಳ ಜನ ಎಡವುವುದು ಒಂದು ಅಂಕೆಯಲ್ಲಿ. ಹಾಳೆ 60ಕ್ಕೆ ಕರಗುತ್ತದೆ, ಸಾಫ್ಟ್‌ವೇರ್ 65 ತೋರಿಸಿತು, ಮುಗಿಯಿತು ಎಂದುಕೊಳ್ಳುತ್ತಾರೆ. ಸಾಫ್ಟ್‌ವೇರ್ ತೋರಿಸುವುದು ಚಿಪ್ಪಿನ ಒಳಗಿನ ಬಿಸಿ. ಹಾಳೆ ಇರುವುದು ಐಎಚ್‌ಎಸ್‌ನ ಹೊರಗೆ, ಕೂಲರಿನ ತಳಕ್ಕೆ ತಾಗಿ. ಒಳಗೆ 65 ಇದ್ದಾಗ ಹಾಳೆಯ ಹತ್ತಿರ 45 ಇರಬಹುದು. ಹಾಗಾಗಿ ಒಳಗಿನ ಅಂಕೆ 80-85ರ ಸುತ್ತ ನಿಲ್ಲಬೇಕು, ಅದೂ ಕೂಲರ್ ಪೂರ್ತಿ ಕಾಯುವಷ್ಟು ಹೊತ್ತು. ಇದಕ್ಕೆ ಸಿಪಿಯು ಹೆದರುವುದಿಲ್ಲ. ಇಂಟೆಲ್ ಡೆಸ್ಕ್‌ಟಾಪ್ ಚಿಪ್ಪುಗಳ ಮಿತಿ ಸಾಮಾನ್ಯವಾಗಿ 100 ಡಿಗ್ರಿ, ಎಎಂಡಿಯ ರೈಜೆನ್ 5000 ಸಾಲಿನದ್ದು ಮಾದರಿ ನೋಡಿಕೊಂಡು 90 ಅಥವಾ 95, ರೈಜೆನ್ 7000 ಸಾಲಿನಲ್ಲಿ ಹೆಚ್ಚಿನವುಗಳದ್ದು 95. ಮಿತಿ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಬಯಾಸ್‌ಗೆ, ಅಂದರೆ ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪರದೆಗೆ ಹೋಗಿ ಸಿಪಿಯು ಫ್ಯಾನನ್ನು ಎಷ್ಟು ಕಡಿಮೆ ಆಗುತ್ತದೋ ಅಷ್ಟು ಕಡಿಮೆಗೆ ಇಡಿ. ಪೂರ್ತಿ ನಿಲ್ಲಿಸಿದರೆ ಕೆಲವು ಬೋರ್ಡುಗಳು ಫ್ಯಾನ್ ಇಲ್ಲ ಎಂದು ಕೂಗಿ ಸ್ಟಾರ್ಟ್ ಆಗುವುದೇ ಇಲ್ಲ. ಕ್ಯಾಬಿನೆಟ್ಟಿನ ಉಳಿದ ಫ್ಯಾನುಗಳ ವೈರ್ ಕಳಚಿ. ವಿಂಡೋಸ್ ಬಂದ ಮೇಲೆ ಒಂದು ಕಡೆ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೊ ಸಾಫ್ಟ್‌ವೇರ್ ತೆರೆದು ಅಂಕೆ ನೋಡುತ್ತಿರಿ, ಇನ್ನೊಂದು ಕಡೆ ಪ್ರೈಮ್95 ಓಡಿಸಿ. ಅದು ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೋಗ್ರಾಂ. ಸಿಪಿಯುವನ್ನು ಸುಡುವಷ್ಟು ದುಡಿಸುವುದರಿಂದ ನಮ್ಮಂಥವರಿಗೆ ಬೇರೆ ಉಪಯೋಗಕ್ಕೆ ಬಂದಿದೆ. ಸ್ಮಾಲ್ ಎಫ್‌ಎಫ್‌ಟಿ ಆಯ್ಕೆ ಮಾಡಿ, ಅದೇ ಜಾಸ್ತಿ ಬಿಸಿ ಮಾಡುವುದು.

ಅಂಕೆ ಮೊದಲು ಸರಸರ ಏರುತ್ತದೆ, ಏಕೆಂದರೆ ಕರಗದ ಹಾಳೆ ಶಾಖ ಬಿಡುತ್ತಿಲ್ಲ. ಕೂಲರ್ ಇನ್ನೂ ತಣ್ಣಗಿರುವಾಗಲೇ ಮಿತಿ ಹತ್ತಿರ ಬಂದರೆ ಪ್ರೈಮ್95ನಲ್ಲಿ ಥ್ರೆಡ್, ಅಂದರೆ ಒಟ್ಟಿಗೆ ಓಡುವ ಕೆಲಸಗಳ ಸಂಖ್ಯೆ, ಕಡಿಮೆ ಮಾಡಿ. ಬಿಸಿ ನಿಧಾನವಾಗಿ ಕೂಲರಿನೊಳಗೆ ಹರಡಲಿ. ಕೂಲರಿನ ಪೈಪು ತಳ ಸೇರುವ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಚುರುಕ್ ಎಂದು ಬೆರಳು ಹಿಂದೆ ತೆಗೆಯುವಂತಾದರೆ 60ರ ಹತ್ತಿರ ಬಂದಿದ್ದೀರಿ.

ಚಳಿ ಜಾಸ್ತಿ ಇದ್ದು ಅಲ್ಲಿಯವರೆಗೆ ಬಾರದೇ ಹೋದರೆ ಕ್ಯಾಬಿನೆಟ್ ಬಾಗಿಲು ಮುಚ್ಚಿ, ಮೇಲಿನ ಜಾಲರಿಗೆ ರಟ್ಟು ಇಡಿ. ಕಂಬಳಿ ಹೊದಿಸುವವರನ್ನು ನೋಡಿದ್ದೇನೆ, ಅದು ಬೇಡ, ಪವರ್ ಸಪ್ಲೈ ಉಸಿರುಗಟ್ಟುತ್ತದೆ. ಹೇರ್ ಡ್ರೈಯರ್‌ನಲ್ಲಿ ಕೂಲರಿನ ರೆಕ್ಕೆಗಳಿಗೆ ಬಿಸಿ ಗಾಳಿ ಕೊಡುವುದು ನನ್ನ ಇಷ್ಟದ ದಾರಿ. ಸಿಪಿಯು ಕೆಳಗಿನಿಂದ ಕಾಯಿಸುತ್ತದೆ, ಡ್ರೈಯರ್ ಮೇಲಿನಿಂದ. ಪ್ಲಾಸ್ಟಿಕ್ ಫ್ಯಾನಿಗೆ ನೇರ ಹಿಡಿಯಬೇಡಿ.

ಕರಗಿದ್ದು ಗೊತ್ತಾಗುವುದು ಹೀಗೆ. ಅಂಕೆ 84, 85, 85 ಎಂದು ನಿಂತಿರುತ್ತದೆ. ಲೋಡ್ ಬದಲಾಗಿಲ್ಲ, ಫ್ಯಾನ್ ಬದಲಾಗಿಲ್ಲ. ಇದ್ದಕ್ಕಿದ್ದಂತೆ 79, ಮತ್ತೆ 76. ಕೆಲವೊಮ್ಮೆ ಎರಡು ಹಂತದಲ್ಲಿ ಬೀಳುತ್ತದೆ, ಮೊದಲು ನಡುಭಾಗ ಕರಗಿ ಆಮೇಲೆ ಅಂಚು. ಬಿದ್ದ ತಕ್ಷಣ ನಿಲ್ಲಿಸಬೇಡಿ, ಇನ್ನೊಂದು ಹತ್ತು ಹದಿನೈದು ನಿಮಿಷ ಓಡಲಿ. ಕೂಲರಿಗೆ ಸ್ಪ್ರಿಂಗ್ ಸ್ಕ್ರೂ ಇದ್ದರೆ ಅದೇ ಒತ್ತಿಕೊಳ್ಳುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಮೆಷಿನ್ ಆಫ್ ಮಾಡಿ, ಬಿಸಿ ಇರುವಾಗಲೇ ಪ್ರತಿ ಸ್ಕ್ರೂ ಒಂದು ಚೂರು ಬಿಗಿ ಮಾಡಿ. ಹಾಳೆ ಕರಗಿ ತೆಳುವಾದಷ್ಟು ಸಡಿಲ ಬಂದಿರುತ್ತದೆ.

ಜೂನ್, ಜುಲೈಯಲ್ಲಿ ಮರ ಬಿದ್ದು ನಡುವೆ ಕರೆಂಟ್ ಹೋಗುವುದು ಗ್ಯಾರಂಟಿ ಎಂದುಕೊಂಡೇ ಕೂರಿ. ಹೋದರೆ ಏನೂ ಕೆಡುವುದಿಲ್ಲ, ಮತ್ತೆ ಮೊದಲಿನಿಂದ ಕಾಯಿಸಬೇಕು ಅಷ್ಟೇ. ಸಣ್ಣ ಯುಪಿಎಸ್ ನಂಬಿ ಪ್ರೈಮ್95 ಓಡಿಸಬೇಡಿ, ಪೂರ್ತಿ ಲೋಡಿಗೆ ಅದು ಬೇಗ ಸೋಲುತ್ತದೆ.

ಮುಗಿದ ಮೇಲೆ ಫ್ಯಾನ್ ಸೆಟ್ಟಿಂಗ್ ಮೊದಲಿನಂತೆ ಮಾಡಿ, ಕಳಚಿದ ವೈರ್ ಹಾಕಿ. ಇದನ್ನು ಮರೆಯುವವರು ಬಹಳ ಜನ. ಟಾರ್ಚ್ ಬಿಟ್ಟು ಐಎಚ್‌ಎಸ್ ಅಂಚಿನ ಸುತ್ತ ನೋಡಿ. ಬೆಳ್ಳಿ ಮಣಿ ಏನಾದರೂ ಇಣುಕುತ್ತಿದ್ದರೆ ತಣ್ಣಗಾಗಿ ಗಟ್ಟಿಯಾದ ಮೇಲೆ ಮರದ ಹಲ್ಲುಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಆಮೇಲೆ ಕ್ಯಾಬಿನೆಟ್ ನಿಲ್ಲಿಸಿ.

ಫಲಿತಾಂಶ ನೋಡುವಾಗ ರೈಜೆನ್ 7000 ಇಟ್ಟುಕೊಂಡವರು ಬೇಸರ ಮಾಡಿಕೊಳ್ಳುತ್ತಾರೆ. ಎಷ್ಟೇ ಒಳ್ಳೆಯ ಕೂಲಿಂಗ್ ಇದ್ದರೂ ಪೂರ್ತಿ ಲೋಡಿನಲ್ಲಿ 95ಕ್ಕೇ ಹೋಗಿ ನಿಲ್ಲಬಹುದು. ಆ ಚಿಪ್ ಸಿಕ್ಕಿದ ಅವಕಾಶವನ್ನೆಲ್ಲ ವೇಗಕ್ಕೆ ಬಳಸುತ್ತದೆ. ಅಲ್ಲಿ ಡಿಗ್ರಿ ನೋಡಬೇಡಿ, ಗಿಗಾಹರ್ಟ್ಸ್ ಮೊದಲಿಗಿಂತ ಏರಿದೆಯಾ ನೋಡಿ.

ಬಿಚ್ಚುವಾಗ

ತಣ್ಣಗಿರುವಾಗ ಕೂಲರ್ ಎಳೆಯಬೇಡಿ. ಗಟ್ಟಿಯಾದ ಲೋಹ ಎರಡನ್ನೂ ಬೆಸೆದಂತೆ ಹಿಡಿದಿರುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಪಿನ್ ಇರುವುದು ಸಿಪಿಯುನಲ್ಲಿ, ಮೇಲಿನಿಂದ ಒತ್ತಿ ಹಿಡಿಯುವ ಚೌಕಟ್ಟಿಲ್ಲ. ಜೋರಾಗಿ ಎಳೆದರೆ ಸಿಪಿಯು ಕೂಲರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹಾಕುವಾಗ ಮಾಡಿದಂತೆಯೇ ಫ್ಯಾನ್ ಇಳಿಸಿ ಕಾಯಿಸಿ, ಆಫ್ ಮಾಡಿ, ಕ್ಯಾಬಿನೆಟ್ ಮಲಗಿಸಿ, ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಎಡಬಲಕ್ಕೆ ತಿರುಚಿ. ಜಾರಿತು ಎಂದು ಕೈಗೆ ಗೊತ್ತಾದ ಮೇಲೆ ಎತ್ತಿ. ನಮ್ಮ ಚಳಿಯಲ್ಲಿ ಸಮಯ ಕಡಿಮೆ, ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಹಾಗಾದರೆ ಹೇರ್ ಡ್ರೈಯರ್.

ಉಳಿದ ಲೋಹವನ್ನು ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಒರೆಸಿ. ತಳದ ಮೇಲೆ ಬೂದು ಕಲೆ ಉಳಿಯುತ್ತದೆ, ಅದರಿಂದ ತೊಂದರೆ ಇಲ್ಲ. ಕಲೆ ಹೋಗಲಿ ಎಂದು ಐಎಚ್‌ಎಸ್ ಮೇಲೆ ಸ್ಯಾಂಡ್‌ಪೇಪರ್ ಉಜ್ಜಿದರೆ ನಿಕಲ್ ಲೇಪವೂ ಹೋಗುತ್ತದೆ, ಕೊರೆದ ಅಕ್ಷರವೂ ಹೋಗುತ್ತದೆ. ಅಕ್ಷರ ಹೋದ ಸಿಪಿಯುಗೆ ವಾರಂಟಿ ಕೇಳಲು ಹೋಗುವುದು ಕಷ್ಟ. ಒಮ್ಮೆ ಬಿಚ್ಚಿದ ಹಾಳೆಯನ್ನು ಮತ್ತೆ ಬಳಸಲು ಬರುವುದಿಲ್ಲ, ಹೊಸದು ಒಂದು ಕೈಯಲ್ಲಿ ಇಟ್ಟುಕೊಂಡೇ ಸ್ಕ್ರೂಗೆ ಕೈ ಹಾಕಿ. ಇಲ್ಲಿ ಅಂಗಡಿಯಲ್ಲಿ ಸಿಗುವುದು ಅಪರೂಪ, ಬೆಂಗಳೂರಿನಿಂದ ಕೊರಿಯರ್ ಬರಬೇಕು. ಮಳೆ ಜೋರಾಗಿ ರಸ್ತೆ ಕೆಟ್ಟ ವಾರದಲ್ಲಿ ಅದೂ ತಡ. ಅಲ್ಲಿಯ ತನಕ ಒಂದು ಟ್ಯೂಬ್ ಪೇಸ್ಟ್ ಡ್ರಾಯರಿನಲ್ಲಿ ಇದ್ದರೆ ಕೆಲಸ ನಿಲ್ಲುವುದಿಲ್ಲ.